ಪಣಕ್ಕಿಟ್ಟ ಬನ್ನಿ

ಎಲ್ಲರೂ ನಗುತ್ತಿದ್ದಾರೆ, ರಾಜೇಶ್ವರಿಯ ತುಟಿಗಳೂ ತಾವಾಗಿಯೇ ಅಗಲವಾಗಿವೆ, ಮುಚ್ಚುತ್ತಿಲ್ಲ, ದೇಶಪಾಂಡೆ ನಗರದ ಈ ಪುಸ್ತಕ ಬಿಡುಗಡೆಯ ಸಭಾಂಗಣದಲ್ಲಿ ಫ್ಯಾನುಗಳ ಸದ್ದು ಹೆಚ್ಚು, ತನಗೆ ತಪ್ಪಾಗಿ ಕೇಳಿಸಿರಬಹುದು — ಇಲ್ಲ, ಗಂಡನ ಗೆಳೆಯ ಶಿವಯೋಗೀಶ ಮೈಕು ಹಿಡಿದು ಮತ್ತೆ ಅದನ್ನೇ ಹೇಳುತ್ತಿದ್ದಾನೆ, ನಮ್ಮ ಅಮರೇಶ ಈ ಕಾದಂಬರಿ ಕಟ್ಟಿ ಬರದಿಲ್ರೀ, ಖರೇ ನಡದದ್ದು, ದೇಸಾಯಿ ಕುದುರಿ ಪಣಕ್ಕ ಇಡ್ತಾನಲ್ಲ, ಅದು ನನ್ನ ಬುಲೆಟ್ ಗಾಡಿ, ಆ ಧಿಮಾಕಿನ ಹುಡುಗಿ ದಸರಾಕ್ಕ ತಾನಾಗೇ ಬಂದು ಬನ್ನಿ ಕೊಡ್ತಾಳಂತ ಇಂವ ಶರ್ತು ಹಚ್ಚಿದ್ದ, ವೈನಿ ಅಲ್ಲೇ ಕುಂತಾರ, ಬೇಕಾದ್ರ ಕೇಳ್ರಿ. ವೈನಿ ಎಂದರೆ ತಾನು, ಅಮರೇಶನ ಹೆಂಡತಿ. ವಾಡೆಯ ಕಟ್ಟೆಯ ಮೇಲೆ ಇಬ್ಬರು ದೇಸಾಯಿಗಳು ಪಕ್ಕದ ವಾಡೆಯ ಹುಡುಗಿಯ ಮೇಲೆ ಪಣ ಕಟ್ಟುವ ಅಧ್ಯಾಯದ ಕರಡು ತಿದ್ದಿದವಳೂ ತಾನೇ, ಮಾಳಮಡ್ಡಿಯ ಅಡುಗೆಮನೆಯಲ್ಲಿ, ಒಗ್ಗರಣೆ ಸೀದದ್ದೂ ತಿಳಿಯದಂತೆ, ಆಕಿಗೆ ಯಾವಾಗ ಗೊತ್ತಾಗತೈತ್ರಿ ಎಂದು ಕೇಳಿದ್ದಳು, ಅಮರೇಶ ಚಹಾ ಊದುತ್ತ, ಗೊತ್ತಾಗೂದ ಇಲ್ಲ, ಕಡೀತನಾ ಸುಖದಾಗ ಇರ್ತಾಳ ಎಂದ, ಪಾಪ, ಎಂಥಾ ಹುಚ್ಚಿರಿ ಅಕಿ ಎಂದಳು, ಅವನು ನಕ್ಕ. ಬನ್ನಿ ತಗೊಂಡು ಬಂಗಾರದಂಗ ಇರೂಣು ಎಂದು ಆ ದಸರಾ ಸಂಜೆ ಗುಡಿಯ ಮುಂದೆ ಬನ್ನಿ ಎಲೆ ಹಿಡಿದು ತಾನೇ ಕೈ ಚಾಚಿದ್ದು, ಯಾರೊಡನೆಯೂ ಮೊದಲು ಮಾತೆತ್ತದ ತಾನು, ಅಪ್ಪ ನೀಲಕಂಠಪ್ಪ ಹತ್ತಿ ವ್ಯಾಪಾರಿಯ ಮನೆಯ ಸಂಬಂಧ ಗಟ್ಟಿ ಮಾಡಿ ಬಂದಾಗ, ಅಪ್ಪಾ, ಇವರನ್ನ ನಾನಾ ಆರಿಸೇನಿ ಎಂದಿದ್ದು, ಸಾಯುವವರೆಗೂ ಅಪ್ಪ ಮಗಳ ಹೊಸ್ತಿಲು ತುಳಿಯಲಿಲ್ಲ, ಅಷ್ಟು ಕೊಟ್ಟು ಉಳಿಸಿಕೊಂಡದ್ದು ಒಂದೇ, ಆರಿಸಿದವಳು ನಾನು ಎಂಬುದು, ಅದೂ — ಬಾ ರಾಜಿ, ಮೊದಲನೇ ಪ್ರತಿ ನಿನಗ, ಅಮರೇಶ ಕರೆಯುತ್ತಿದ್ದಾನೆ, ಕುರ್ಚಿಗಳು ಹಿಂದೆ ಸರಿದು ದಾರಿ ಬಿಡುತ್ತಿವೆ, ಕಾಲು ಮೆಟ್ಟಿಲು ಹತ್ತುತ್ತಿದೆ, ಅವನ ಮುಖದಲ್ಲಿ ನಾಚಿಕೆಯಿಲ್ಲ, ಹಳೇ ಚ್ಯಾಷ್ಟಿ, ನೀನೂ ನಗು ಎನ್ನುವ ಕಣ್ಣು, ಆವತ್ತು ಎಲೆ ಕೊಟ್ಟ ಕೂಡಲೇ ಗುಡಿಯ ಕಟ್ಟೆಯಿಂದ ಶಿವಯೋಗೀಶ ಎದ್ದು ಬಂದಿದ್ದ, ಹೌದು, ಜೇಬಿನಿಂದ ಬುಲೆಟ್ಟಿನ ಕೀಲಿಕೈ ತೆಗೆದು ಎಸೆದಿದ್ದ, ತಗೋಪಾ, ಹೊತ್ತು ಮುಳುಗಾಕ ಬಂತು, ಅಕ್ಕಾರನ್ನ ಮನಿಗೆ ಬಿಟ್ಟು ಬಾ, ಎಂಥ ಒಳ್ಳೆಯ ಗೆಳೆಯ ಎಂದುಕೊಂಡಿದ್ದಳು, ಅದೇ ಗಾಡಿಯ ಹಿಂದೆ ಕುಳಿತು ರಿಜಿಸ್ಟರ್ ಮದುವೆಗೆ ಹೋಗಿದ್ದಳು, ಗಾಡಿ ಯಾಕೆ ಹಿಂದಿರುಗಲಿಲ್ಲ ಎಂದು ಕೇಳಲೇ ಇಲ್ಲ, ಆ ಸಂಜೆ ಅಮರೇಶ ಎಡಗೈಯಲ್ಲಿ ಕೀಲಿಕೈ ಹಿಡಿದಿದ್ದ, ಬಲಗೈಯಲ್ಲಿ ಅವಳ ಎಲೆಗಳಿದ್ದವು — ತಗೋ ರಾಜಿ, ಜನ ನೋಡಾಕತ್ತಾರ, ಪುಸ್ತಕ ಮುಂದಿದೆ, ಅವಳ ಕೈ ಏಳುತ್ತಿಲ್ಲ, ಆವತ್ತಿನ ಕೀಲಿಕೈ ಇನ್ನೂ ಗಾಳಿಯಲ್ಲಿದೆ, ಸಂಜೆಬಿಸಿಲಿಗೆ ಹೊಳೆಯುತ್ತ, ಬೀಳದೆ, ಕೀಲಿಕೈ