ಫಸ್ಟ್ ಗೇರಿನ ನಡುಕ

ಹುಣಸೂರಿನ ಹೊಗೆಸೊಪ್ಪಿನ ಹರಾಜು ಕಟ್ಟೆಯ ಮುಂದಿನ ಏರಿನಲ್ಲಿ ಜೀಪು ಮತ್ತೆ ಗಡಗಡ ನಡುಗಿತು. ಹಿಂದೆ ಸೊಪ್ಪಿನ ಬೇಲುಗಳ ಮೇಲೆ ಕೂತಿದ್ದ ಆಳುಗಳು ಒಬ್ಬರ ಮೇಲೊಬ್ಬರು ವಾಲಿದರು. ಗೇಟಿನ ಬಳಿ ಬೀಡಿ ಸೇದುತ್ತಿದ್ದವರು ತಿರುಗಿ ನೋಡಿದರು. ಸ್ಟೇರಿಂಗ್ ಹಿಡಿದವಳು ಹೆಂಗಸೆಂದು ಕಂಡು ಒಬ್ಬ ನಕ್ಕ. ಶಿವನಂಜಮ್ಮ ಅತ್ತ ನೋಡಲಿಲ್ಲ. ಬೇಲುಗಳನ್ನು ಇಳಿಸಿ, ಜೀಪನ್ನು ನೇರ ಕನಕರಾಜುವಿನ ಗ್ಯಾರೇಜಿನತ್ತ ತಿರುಗಿಸಿದಳು.

ಗಂಡನ ಅಣ್ಣ ಮಹದೇವಪ್ಪ ಪಕ್ಕದಲ್ಲೇ ಕೂತಿದ್ದ. "ಡ್ರೈವರ್ ಒಬ್ಬನ್ನ ಗೊತ್ತು ಮಾಡೀನಿ ಕಣವ್ವ. ಸೋಮಾರದಿಂದ ಬತ್ತಾನೆ. ಗಾಡಿ ಸಾವಾಸ ನಿಂಗ್ಯಾಕೆ?"

"ಗಾಡಿ ರಿಪೇರಿ ಆದ್ಮೇಲೆ ಮಾತಾಡನ ಬುಡಿ ಬಾವ."

ಕಟ್ಟೆಮಳಲವಾಡಿಯಲ್ಲಿ ಜೀಪು ಓಡಿಸುವ ಹೆಂಗಸು ಅವಳೊಬ್ಬಳೇ. ಗಂಡ ಚನ್ನಬಸವಣ್ಣನ ಕಣ್ಣು ಮಂದವಾಗುತ್ತ ಬಂದಾಗ, ಸೊಪ್ಪು ಮುರಿದು ಬರಿದಾದ ಹೊಲದಲ್ಲಿ ಅವನೇ ಪಕ್ಕ ಕೂತು ಕಲಿಸಿದ್ದ. ನಾಲ್ಕೂ ಗಾಲಿ ಎಳೆಯುವ, ಫೋರ್ ವೀಲಿನ ಹಳೇ ಜೀಪು. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಹೂತುಕೊಂಡ ಕಡೆಯೂ ಅದು ಗೊಣಗುತ್ತ ದಾಟಿ ಹೋಗುತ್ತಿತ್ತು. ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ, ಹೊಲಕ್ಕೆ ಗೊಬ್ಬರ, ಆಸ್ಪತ್ರೆಗೆ ಹೆರಿಗೆ ನೋವಿನ ಹೆಂಗಸರು, ಎಲ್ಲವನ್ನೂ ಎಲ್ಲರನ್ನೂ ಅವಳೇ ಮುಟ್ಟಿಸಿದ್ದಳು. ಊರಿನ ಹೆಂಗಸರು ಅವಳನ್ನು 'ಜೀಪಿನ ನಂಜವ್ವ' ಎಂದು ಕರೆಯುತ್ತಿದ್ದರು. ಅದು ಅವಳಿಗೆ ಚಿನ್ನದ ಸರಕ್ಕಿಂತ ಹೆಚ್ಚಾಗಿತ್ತು.

ಗ್ಯಾರೇಜಿನಲ್ಲಿ ಕನಕರಾಜು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಎದ್ದು ಬಂದ. "ಒಸಾ ಕ್ಲಚ್ ಪ್ಲೇಟ್ ಆಕಿ ಇನ್ನೂ ತಿಂಗ್ಳಾಗಿಲ್ಲ ಕಣಕ್ಕ. ನೀವು ಪೆಡ್ಲು ಮೇಲೇ ಕಾಲಿಟ್ಕಂಡು ಓಡಿಸ್ತೀರಿ ಅಂತ ಕಾಣ್ತದೆ. ಆಗ ಪ್ಲೇಟು ಬೇಯ್ದೆ ಇನ್ನೇನಾದದು?"

"ನಾ ಏಳಿರ್ನಿಲ್ವಾ?" ಎಂದ ಮಹದೇವಪ್ಪ.

ಶಿವನಂಜಮ್ಮನ ಕಿವಿ ಬಿಸಿಯಾಯಿತು. ಆದರೂ ದನಿ ಏರಿಸಲಿಲ್ಲ.

"ಕಾಲು ಯಾವಾಗ ಇಡಬೇಕು, ಯಾವಾಗ ತೆಗೀಬೇಕು ನಂಗೊತ್ತು ರಾಜಣ್ಣ. ಪ್ಲೇಟು ಬೆಂದಿದ್ರೆ ರಿವರ್ಸಲ್ಲೂ ನಡುಗ್ಬೇಕಲ್ವಾ? ನಮ್ ಬ್ಯಾರನ್ ಬಾಗ್ಲಿಗೆ ದಿನಾ ಸೌದೆ ಲೋಡು ಒತ್ಕಂಡು, ಏರಲ್ಲಿ ರಿವರ್ಸಲ್ಲೇ ಅತ್ತಿಸ್ತೀನಿ. ಒಂದ್ಸಲಾನೂ ನಡುಗಿಲ್ಲ. ನಡುಗೋದು ಫಸ್ಟ್ ಗೇರಲ್ಲಿ ಮಾತ್ರ. ಮೊದ್ಲು ಮುಂದ್ಗಡೆ ಎಡಕ್ಕೆ ದಡ್ ಅಂತದೆ. ಆಮೇಲೆ ಪೆಡ್ಲು ತಾನಾಗೇ ನನ್ನ ಕಾಲ ಒದೀತದೆ."

ಕನಕರಾಜು ಕೈ ಒರೆಸುವುದನ್ನು ನಿಲ್ಲಿಸಿದ. "ರಿವರ್ಸಲ್ಲಿ ಏನೂ ಇಲ್ವಾ?"

"ನೀವೇ ಓಡಿಸಿ ನೋಡಿ."

ಕನಕರಾಜು ಜೀಪು ಹತ್ತಿ ಗ್ಯಾರೇಜಿನ ಪಕ್ಕದ ಏರಿನಲ್ಲಿ ಹಿಂದಕ್ಕೆ ಬಿಟ್ಟ. ಬೆಣ್ಣೆಯಂತೆ ಹತ್ತಿತು. ಇಳಿಸಿ, ತಿರುಗಿಸಿ, ಫಸ್ಟ್ ಗೇರು ಹಾಕಿ ಅದೇ ಏರು ಹತ್ತಿಸಿದ. ಇಪ್ಪತ್ತು ವರ್ಷದ ಮೇಸ್ತ್ರಿಯ ಕಾಲ ಕೆಳಗೂ ಜೀಪು ಅದೇ ಥರ ಗಡಗಡ ನಡುಗಿತು. ಮಹದೇವಪ್ಪ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡ.

ಕನಕರಾಜು ಇಳಿದು ಬಂದು ಗಾಲಿಗಳಿಗೆ ಕಲ್ಲು ಕೊಟ್ಟ, ಬಾನೆಟ್ ಎತ್ತಿದ. "ನೀವೇ ಕೂತ್ಕಳಿ ಅಕ್ಕಾ. ಅಂಡ್ ಬ್ರೇಕ್ ಎಳ್ದು, ಫಸ್ಟ್ ಆಕಿ, ಕ್ಲಚ್ಚು ವಸಿ ವಸಿ ಬುಡಿ. ನಾನು ಇಲ್ಲಿ ನೋಡ್ತೀನಿ."

ಶಿವನಂಜಮ್ಮ ಚಪ್ಪಲಿ ಬಿಟ್ಟು ಹತ್ತಿದಳು. ಅವಳು ಯಾವಾಗಲೂ ಬರಿಗಾಲಲ್ಲೇ ಓಡಿಸುವುದು. ಹಾಲಿನ ಪಾತ್ರೆ ಇಳಿಸುವಷ್ಟು ನಿಧಾನಕ್ಕೆ ಪೆಡಲು ಬಿಟ್ಟಳು. ಇಂಜಿನ್ನಿನ ಎಡಭಾಗ ಎಮ್ಮೆ ಮಗ್ಗುಲು ಬದಲಿಸಿದಂತೆ ಮೇಲೆದ್ದು ದಡ್ಡನೆ ಕೂತಿತು.

"ಸಾಕು, ಸಾಕು!" ಎಂದು ಕೂಗಿ ಕನಕರಾಜು ಜೀಪಿನಡಿ ತೂರಿದ. ಹೊರಗೆ ಬಂದಾಗ ಮುಖದ ತುಂಬ ಮಸಿ, ಮಸಿಯ ನಡುವೆ ನಗು.

"ಇಂಜಿನ್ ಕೂರೋ ರಬ್ಬರ್ ಕಿತ್ತೋಗದೆ ಅಕ್ಕಾ. ಮುಂದಕ್ಕೆ ಎಳೆಯೋವಾಗ ಆ ಕಡೆ ಏಳ್ತದೆ, ಕ್ಲಚ್ಚಿನ ರಾಡನ್ನೂ ಜಗ್ತದೆ. ರಿವರ್ಸಲ್ಲಿ ಅದೇ ಜಾಗ ಕೆಳಕ್ಕೆ ಒತ್ಕತದೆ, ಅದ್ಕೇ ಸುಮ್ಗಿರ್ತದೆ. ಪ್ಲೇಟ್ ಬಿಚ್ಚಿದ್ ದಿನಾನೇ ನಾನು ನೋಡ್ಬೇಕಾಗಿತ್ತು." ಆಮೇಲೆ ಮಹದೇವಪ್ಪನ ಕಡೆ ತಿರುಗಿದ. "ತಪ್ಪು ಇವ್ರ ಕಾಲಿಂದಲ್ಲ ಯಜಮಾನ್ರೇ. ಇವ್ರು ಅಂಗೆ ಏಳ್ದೇ ಇದ್ದಿದ್ರೆ ನಾನು ಇನ್ನೊಂದು ಪ್ಲೇಟ್ ಆಕಿ ಕಳಿಸ್ತಿದ್ದೆ." ಮೂಲೆಯಲ್ಲಿ ನಿಂತಿದ್ದ ಪಿರಿಯಾಪಟ್ಟಣದ ಜೀಪೊಂದನ್ನು ತೋರಿಸಿ, "ಅದ್ರಲ್ಲೂ ಏನೋ ಸದ್ದು. ವಸಿ ಕೂತು ನೋಡ್ತೀರಾ ಅಕ್ಕಾ?" ಎಂದ.

ತಮಾಷೆಯೋ ಎಂದು ಶಿವನಂಜಮ್ಮ ಅವನ ಮುಖ ನೋಡಿದಳು. ತಮಾಷೆಯಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಆ ಜೀಪಿನ ಕಡೆ ನಡೆದಳು.

ಹೊಸ ರಬ್ಬರ್ ಹಾಕಿಸಿಕೊಂಡು ಊರಿನ ದಾರಿ ಹಿಡಿದಾಗ ಬಿಸಿಲು ಇಳಿದಿತ್ತು. ಮಹದೇವಪ್ಪ ಹೊರಗಿನ ಹೊಲಗಳನ್ನು ನೋಡುತ್ತಲೇ ಕೇಳಿದ:

"ಸೋಮಾರ ಸೌದೆ ತರಕ್ಕೆ ಎಷ್ಟೊತ್ಗೆ ಒಂಟೀಯವ್ವಾ?"

"ಕೋಳಿ ಕೂಗೋ ಒತ್ಗೆ ಬಾವ."

"ಊಂ. ನಾನೂ ಬತ್ತೀನಿ."

ಕೆರೆ ಏರಿಗೆ ಹತ್ತುವಲ್ಲಿ ದನಗಳು ಅಡ್ಡ ಬಂದವು. ಶಿವನಂಜಮ್ಮ ಜೀಪು ನಿಲ್ಲಿಸಿ, ಕೊನೆಯ ಕರು ದಾಟುವವರೆಗೆ ಕಾದಳು. ಫಸ್ಟ್ ಗೇರು ಹಾಕಿ ಪೆಡಲಿನಿಂದ ಪಾದ ಎತ್ತಿದಳು. ಜೀಪು ಹತ್ತತೊಡಗಿತು. ಪಕ್ಕಕ್ಕೆ ತಿರುಗಿ ನೋಡಿದರೆ, ಮಹದೇವಪ್ಪ ಬಾಯಿ ಅರೆ ತೆರೆದು, ತಲೆಯನ್ನು ಅವಳ ಕಡೆಗೇ ವಾಲಿಸಿಕೊಂಡು, ಗಾಢ ನಿದ್ದೆಯಲ್ಲಿದ್ದ.