ನೆಲ ಬಿಡದ ಕಾಲು

ಮೂಕಿ ಚಿತ್ರಕ್ಕೆ ಬಾಯಿಲ್ಲ ಎಂಬುದೊಂದೇ ಆ ಮಹಾಶಯನ ಬಂಡವಾಳ. ಪರದೆಯ ಮೇಲೆ ಎಂದೋ ಸತ್ತವರು ಓಡಾಡುತ್ತಿದ್ದರೆ ಇವನು ಪಕ್ಕದಲ್ಲಿ ಮೈಕು ಹಿಡಿದು ಅವರ ಪರವಾಗಿ ಮಾತಾಡುತ್ತಾನೆ. ಊರಿನ ಇತಿಹಾಸ ಬರೆದವನಂತೆ. ಬರೆದದ್ದಕ್ಕಿಂತ ಒದರಿದ್ದೇ ಹೆಚ್ಚು. ಮ್ಯೂಸಿಯಮ್ಮಿನ ಹಾಲಿನಲ್ಲಿ ಮೂರನೇ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಡಾಕ್ಟ್ರಮ್ಮ ಅವನಿಗೆ 'ಗಂಟಲು' ಎಂದು ಹೆಸರಿಟ್ಟು ಬಹಳ ಕಾಲವಾಗಿತ್ತು.

ಅವಳೇನೂ ಡಾಕ್ಟರಲ್ಲ. ಬಿದ್ದವರನ್ನು, ಸೊಂಟ ಮುರಿದವರನ್ನು ಆಸ್ಪತ್ರೆಯಲ್ಲಿ ಮತ್ತೆ ನಡೆಸುವುದು ಅವಳ ಕೆಲಸ. ರೋಗಿಗಳು ಪ್ರೀತಿಯಿಂದ ಹಾಗೆ ಕರೆಯುತ್ತಾರೆ. ದಿನವಿಡೀ ಅವಳು ನೋಡುವುದು ಮುಖಗಳನ್ನಲ್ಲ, ಪಾದಗಳನ್ನು.

ಪಕ್ಕದಲ್ಲಿ ಅಪ್ಪ, ಕೋಲಿನ ಮೇಲೆ ಗಲ್ಲ ಊರಿಕೊಂಡು. ಬರುವುದೇ ಇಲ್ಲ ಎಂದು ಹಟ ಹಿಡಿದಿದ್ದರು.

"ಬೇಡಮ್ಮಾ. ಇನ್ನೊಂದ್ಸಲ ನಗಿಸ್ಕೊಂಡು ಬರೋಕಾ?"

"ಒಂದ್ಸಲಾದ್ರೂ ಕಣ್ಣಾರೆ ನೋಡಿ ಅಪ್ಪಾ. ನೋಡ್ದೇನೇ ಎಷ್ಟು ವರ್ಷ ತಲೆ ತಗ್ಗಿಸ್ತೀರಿ?"

ತಗ್ಗಿಸಿದ್ದು ಒಂದೆರಡು ವರ್ಷವಲ್ಲ. ಅಪ್ಪ ತೊಟ್ಟಿಲಲ್ಲಿದ್ದಾಗ ಮಿಲ್ಲಿನಲ್ಲಿ ಮುಷ್ಕರವಾಗಿತ್ತು, ಅವರಪ್ಪನೇ ಮುಖಂಡ. ಕುದುರೆ ಪೊಲೀಸರು ನುಗ್ಗಿದರು, ಅವತ್ತೇ ಏಟು ತಿಂದು ಅವನು ಸತ್ತ. ಸತ್ತದ್ದನ್ನು ಊರು ಮರೆಯಿತು. ಮಿಲ್ಲಿನ ಮಾಲೀಕ ಎಲ್ಲವನ್ನೂ ಫಿಲ್ಮಿನಲ್ಲಿ ಹಿಡಿಸಿ ವರ್ಷವರ್ಷ ತೋರಿಸಿದನಲ್ಲ, ಮುಖಂಡ ಓಡಿದ್ದು ಮಾತ್ರ ಉಳಿಯಿತು. ಶಾಲೆಯಲ್ಲಿ, ಮದುವೆ ಮಾತುಕತೆಯಲ್ಲಿ, ಎಲ್ಲೆಲ್ಲೂ ಇವರು 'ಓಟದವನ ಮಗ'. ಗಂಟಲು ಅದನ್ನೇ ಪುಸ್ತಕಕ್ಕೂ ಇಳಿಸಿ ಅಚ್ಚು ಹಾಕಿಸಿದ. ಥೂ, ಅದಕ್ಕೊಂದು ಬಹುಮಾನ ಬೇರೆ!

ದೀಪ ಆರಿತು. ಮಿಲ್ಲಿನ ಗೇಟು, ಅದರಿಂದ ಪುತಪುತನೆ ಜನ. ಎಲ್ಲರೂ ಕೀಲಿ ಕೊಟ್ಟ ಗೊಂಬೆಗಳಂತೆ ಟಪಟಪ ಓಡಿದರು. ಕೂತವರೆಲ್ಲ ಗೊಳ್ಳೆಂದು ನಕ್ಕರು.

"ಆ ಕೊನೆಯವನನ್ನ ನೋಡಿ, ಬಿಳಿ ರುಮಾಲು!" ಗಂಟಲು ಕೂಗಿದ. "ಅವರೇ ನಮ್ಮ ಮಹಾನಾಯಕರು. ಕಾಲಿಗೆ ಬುದ್ಧಿ ಹೇಳ್ತಿದ್ದಾರೆ! ಕ್ಯಾಮೆರಾ ಸುಳ್ಳು ಹೇಳಲ್ಲ ಸ್ವಾಮೀ!"

ಅಪ್ಪ ಕಣ್ಣು ಮುಚ್ಚಿಕೊಂಡರು. ಡಾಕ್ಟ್ರಮ್ಮ ಮುಚ್ಚಲಿಲ್ಲ. ಅವಳು ರುಮಾಲನ್ನು ಬಿಟ್ಟು ಪಾದ ನೋಡುತ್ತಿದ್ದಳು. ಓಡುವವನ ಎರಡೂ ಕಾಲು ಒಂದು ಗಳಿಗೆ ನೆಲ ಬಿಡಲೇಬೇಕು. ಈ ಮನುಷ್ಯನದು ಒಂದು ಕಾಲು ಎದ್ದಾಗ ಇನ್ನೊಂದು ನೆಲದ ಮೇಲೇ ಇತ್ತು, ಪ್ರತಿ ಸಲವೂ.

"ನಿಲ್ಸ್ರೀ!" ಎಂದು ಎದ್ದು ನಿಂತಳು. "ಅವ್ರು ನಡೀತಿದ್ದಾರೆ. ನೀವೇ ಓಡಿಸ್ತಿರೋದು. ನಿಧಾನವಾಗಿ ಹಾಕಿ."

ಗಂಟಲು ನಾಚಿಕೊಳ್ಳಲೂ ಇಲ್ಲ, ಬೆಚ್ಚಲೂ ಇಲ್ಲ.

"ಗೊತ್ತಮ್ಮಾ, ನಂಗೊತ್ತಿಲ್ವಾ? ಆಗ ಕೈಯಲ್ಲಿ ನಿಧಾನ ತಿರುಗಿಸಿ ತೆಗೀತಿದ್ರು, ಮಾಲೀಕರು ಬೇಕಂತ್ಲೇ ಜೋರಾಗಿ ತಿರುಗಿಸಿ ತೋರಿಸ್ತಿದ್ರು, ಈಗಿನ ಮೆಷಿನ್ ಸ್ಪೀಡಂತೂ ಜಾಸ್ತಿ. ನಿಧಾನ ಹಾಕಿದ್ರೆ ಜನ ಆಕಳಿಸ್ತಾರೆ. ನಕ್ಕರೆ ತಾನೇ ಮತ್ತೆ ಬರೋದು?"

ಗೊತ್ತಿತ್ತಂತೆ! ಗೊತ್ತಿಲ್ಲದ ಪೆದ್ದನಾಗಿದ್ದರೆ ಹೋಗಲಿ ಪಾಪ ಅನ್ನಬಹುದಿತ್ತು. ನಾಲ್ಕು ಜನರ ಹಲ್ಲು ಕಿಸಿಸಲು ಒಬ್ಬ ಸತ್ತವನ ಮಾನ ಹರಾಜಿಗಿಟ್ಟು ಬಹುಮಾನ ಹೊಡೆದ ಈ ಮೂತಿಗೆ ಉಗಿದರೆ ಉಗುಳಿಗೇ ಅವಮಾನ ಎಂದುಕೊಂಡಳು. ಆ ಚೂರು ಫಿಲ್ಮು ಎಂದೂ ಸುಳ್ಳು ಹೇಳಿರಲಿಲ್ಲ. ಹೇಳಿದ್ದೆಲ್ಲ ಅದನ್ನು ಓಡಿಸಿದವರು.

"ನಾನು ಅವ್ರ ಮೊಮ್ಮಗಳು. ಹಾಕ್ತೀರೋ, ನಾನೇ ಬಂದು ಹಾಕ್ಲೋ?"

ಹಾಲಿನಲ್ಲಿ ಗುಸುಗುಸು ಶುರುವಾಯಿತು. ಮೈಕು ಕೆಳಗಿಟ್ಟು, ಮೆಷಿನ್ನಿನ ಹತ್ತಿರ ಹೋಗಿ ಫಿಲ್ಮನ್ನು ಮೊದಲಿಗೆ ಸುತ್ತಿ, ಗಂಟಲೇ ವೇಗದ ಗುಂಡಿ ತಿರುಗಿಸಿದ.

ಗೇಟಿನಿಂದ ಮತ್ತೆ ಜನ ಬಂದರು. ಈಗ ಅವರು ಗೊಂಬೆಗಳಾಗಿರಲಿಲ್ಲ. ಕೂಸನ್ನು ಅವಚಿಕೊಂಡ ಹೆಂಗಸರು, ಎಡವಿ ಬೀಳುವ ಮುದುಕರು, ಎಲ್ಲರೂ ನಿಜಕ್ಕೂ ಓಡುತ್ತಿದ್ದರು. ಕೊನೆಯಲ್ಲಿ ಬಿಳಿ ರುಮಾಲಿನವನು, ಒಬ್ಬನೇ, ನಡೆದು ಬಂದ. ಹಿಂದೆ ಕುದುರೆಗಳು ಕಾಣಿಸಿದವು. ಅವನು ತಿರುಗಿ ನಿಂತು, ಎರಡೂ ಕೈ ಅಗಲಿಸಿ ದಾರಿಗೆ ಅಡ್ಡವಾದ. ವೇಗದಲ್ಲಿ ಓಡಿಸಿದಾಗ ನಗೆಯ ನಡುವೆ ಯಾರ ಕಣ್ಣಿಗೂ ಬೀಳದೆ ಹೋಗುತ್ತಿದ್ದ ಗಳಿಗೆ ಅದು, ಅದರ ಮುಂದೆ ಫಿಲ್ಮಿರಲಿಲ್ಲ.

ಯಾರೂ ನಗಲಿಲ್ಲ. ಡಾಕ್ಟ್ರಮ್ಮ ಗೆದ್ದವಳಂತೆ ಅಪ್ಪನ ಕಡೆ ತಿರುಗಿದಳು. "ನೋಡಿದ್ರಾ ಅಪ್ಪಾ? ಅಜ್ಜ ಓಡ್ಲಿಲ್ಲ!"

ಅಪ್ಪ ಕೋಲು ಬಿಟ್ಟು ಎದ್ದು ನಿಂತಿದ್ದರು. ಬರೀ ಬೆಳಕು ಉಳಿದಿದ್ದ ಪರದೆಯ ಕಡೆ ಕೈ ಚಾಚಿದರು. ಅವರಿಗೆ ಮಗಳು ಕಾಣಲಿಲ್ಲ, ಗಂಟಲೂ ಕಾಣಲಿಲ್ಲ.

"ಓಡ್ಬೇಕಿತ್ತಪ್ಪಾ," ಎಂದರು. "ಮನೇಲಿ ನಾನಿದ್ನಲ್ಲಪ್ಪಾ, ಓಡ್ಬೇಕಿತ್ತು."