ಅಕ್ಕೋರ ತಾಮ್ರದ ಸೈಕಲ್ಲು

ಟಿಕ್ — ಗಾಲಿ ಒಂದು ಸುತ್ತು ಬಂದು ಮತ್ತೆ ಟಿಕ್, ಅದೇ ಜಾಗದಲ್ಲಿ, ರಿಮ್ಮು ಎಡಕ್ಕೆ ವಾಲಿದೆ, ಈ ಕಡೆಯ ಎರಡು ಕಡ್ಡಿ ಬಿಗಿದು ಆ ಕಡೆಯ ಎರಡು ಸಡಿಲಿಸಿದರೆ ಮುಗಿಯಿತು, ತ್ರ್ಯಂಬಕ ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ, ಆದರೆ ಇವತ್ತು ಯಾವುದನ್ನು ಬಿಗಿದೆ ಯಾವುದನ್ನು ಸಡಿಲಿಸಿದೆ ಎಂಬುದೇ ಮರೆತುಹೋಗುತ್ತಿದೆ, ಯಾಕೆಂದರೆ ಅಂಗಡಿಯ ಬೆಂಚಿನ ಮೇಲೆ ವನಮಾಲಾ ಅಕ್ಕೋರು ಕೂತಿದ್ದಾರೆ, ಕರ್ಕಿ ಶಾಲೆಯಲ್ಲಿ ಕಲಿಸುವ ಅಕ್ಕೋರು, ಏಳು ವರ್ಷದಿಂದ ಹೊನ್ನಾವರ ಪೇಟೆಯ ಈ ಅಂಗಡಿಯ ಎದುರಿಗೇ ನಡೆದು ಹೋದವರು, ಒಂದು ದಿನ ಒಳಗೆ ಕಾಲಿಟ್ಟವರಲ್ಲ, ಇವನೂ ಕರೆದವನಲ್ಲ, ಅವರು ಬರುವುದು ಕಂಡರೆ ಸಾಕು, ಟ್ಯೂಬು ಮುಳುಗಿಸುವ ಬೋಗುಣಿಗೆ ತಲೆ ಬಗ್ಗಿಸಿ ಇಲ್ಲದ ತೂತು ಹುಡುಕುತ್ತಿದ್ದವ ಇವನು. ಇವತ್ತು ಅವರೇ ಬಂದರು, ಕೊಡೆ ಮಡಚಿ ಗೋಡೆಗೆ ಒರಗಿಸಿದರು, ಹಮಾಲಿ ಜಟ್ಟಿಯ ತಲೆಯಿಂದ ಟ್ರಂಕು ಇಳಿಸಲು ಹೇಳಿದರು, ಭಟ್ಕಳದ ಕಡೆಗೆ ವರ್ಗ ಆತು ತ್ರ್ಯಂಬಕಣ್ಣ, ತೆಂಗಿನಗುಂಡಿ ಶಾಲೆಗೆ, ಲಾಂಚಿಗೆ ಇನ್ನೂ ಹೊತ್ತಿದ್ದು, ಹೇಳಿ ಹೋಗ್ವ ಅಂತ ಬಂದೆ, ಅಂದರು. ಬರ್ರಿ ಕೂತ್ಕಳಿ, ಅಂದ ಇವನು, ಕೂತರು, ಇವನು ಗಾಲಿಯ ಮುಂದೆ ಕುಕ್ಕುರುಗಾಲಲ್ಲಿ ಕೂತ, ಬೆನ್ನು ಅರ್ಧ ಅವರ ಕಡೆಗೆ. ಹೇಳಬೇಕಾದ ಮಾತು ಇರುವುದು ಇವನ ಹತ್ತಿರ. ಆ ಪೈಪು ಮೊದಲೇ ಬಿರಿದಿತ್ತು ಅಕ್ಕೋರೆ, ನಂಗೆ ಗೊತ್ತಿತ್ತು. ಇಷ್ಟೇ. ಇದನ್ನು ಶರಾವತಿಯ ದಡದಲ್ಲಿ ನಿಂತು ಎಷ್ಟು ಸಲ ಹೇಳಿ ನೋಡಿದ್ದಾನೆ, ಮೀಯುವಾಗ, ಪಂಪು ಹೊಡೆಯುವಾಗ, ಒಮ್ಮೆಯಂತೂ ಹೆಂಡತಿ ಪರಮೇಶ್ವರಿ ಒಳಗಿನಿಂದ ಯಾರ ಹತ್ರ ಮಾತಾಡ್ತೀರಿ ಎಂದು ಕೇಳಿದ್ದಳು. ಇನ್ನು ಲಾಂಚು ಬಂದರೆ ಅವರು ಆಚೆ ದಡ, ಕಾಸರಕೋಡಿನಿಂದ ಬಸ್ಸು, ಆಮೇಲೆ ಭಟ್ಕಳ, ಆಮೇಲೆ ಯಾರಿಗೆ ಹೇಳುವುದು.

ಬಣ್ಣ ಹಚ್ಚಿಕೊಡಿ, ಕಪ್ಪಾದ್ರೂ ಅಡ್ಡಿಲ್ಲೆ, ಹಸಿರಾದ್ರೂ ಅಡ್ಡಿಲ್ಲೆ, ಎಂದಿದ್ದರು ಅಕ್ಕೋರು ಅವತ್ತು, ಐವತ್ತೊಂಬತ್ತನೇ ಇಸವಿಯ ಶ್ರಾವಣ, ಹನಿ ಮಳೆ, ಅವರು ಕೇಳಿದ್ದು ಬರೀ ಬಣ್ಣ, ತಾಮ್ರ ತಂದದ್ದು ಇವನ ಬಾಯಿ. ಕುಮಟೆಯಲ್ಲಿ ಒಬ್ಬ ನರ್ಸಬಾಯಿ ಊರು ಬಿಡುವಾಗ ಮಾರಿದ ಹಳೇ ಲೇಡೀಸ್ ಸೈಕಲ್ಲು, ಮಡ್‌ಗಾರ್ಡು ಜಜ್ಜಿ, ಬಣ್ಣ ಎದ್ದು, ಅಲ್ಲಲ್ಲಿ ತುಕ್ಕು, ಅದನ್ನು ತಳ್ಳಿಕೊಂಡು ಬಂದಿದ್ದರು, ಹತ್ತಲು ಇನ್ನೂ ಬರುತ್ತಿರಲಿಲ್ಲ. ಆಗ ಅವರಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ, ಕಣ್ಣಲ್ಲಿ ಒಂದು ಹಟ, ಏಳನೇತ್ತೆ ಮುಗಿಸಿದ ಹುಡುಗಿಯರು ಮನೆಯಲ್ಲೇ ಉಳೀತಾರೆ ತ್ರ್ಯಂಬಕಣ್ಣ, ಹೊನ್ನಾವರದ ಹೈಸ್ಕೂಲಿಗೆ ಯಾರು ನಡೆದು ಬರ್ತಾರೆ, ನಾ ಮೊದಲು ಹತ್ತಿ ತೋರಿಸ್ತೆ, ಆಮೇಲೆ ಅವ್ರಿಗೂ ಕಲಿಸ್ತೆ, ಎಂದಿದ್ದರು. ಅದನ್ನು ಕೇಳಿ ಇವನ ತಲೆಗೆ ಏನೋ ಏರಿತು. ಬಣ್ಣ ಯಾರಾದ್ರೂ ಹಚ್ತಾರೆ ಅಕ್ಕೋರೆ, ನಾ ತಾಮ್ರ ಹತ್ತಿಸಿಕೊಡ್ತೆ, ಊರೆಲ್ಲ ತಿರುಗಿ ನೋಡಬೇಕು, ಅಂದುಬಿಟ್ಟ. ಊರೆಲ್ಲ ಎಂದರೆ ಯಾರು, ಅಪ್ಪ ಒಬ್ಬನೇ, ಊರಿನ ಹಂಡೆ ಕೊಡ ತಂಬಿಗೆಗಳನ್ನೆಲ್ಲ ಬಡಿದುಕೊಟ್ಟ ಅಪ್ಪ, ಮಗ ಸುತ್ತಿಗೆ ಬಿಟ್ಟು ಪಂಕ್ಚರಿನ ಅಂಗಡಿ ಇಟ್ಟನೆಂದು ನಾಲ್ಕು ವರ್ಷದಿಂದ ಇವನ ಮುಖ ನೋಡಿ ಮಾತಾಡದ ಅಪ್ಪ, ಏನಾದರೂ ಬೇಕಿದ್ದರೆ ಸೊಸೆಗೆ ಹೇಳುವುದು, ಆ ರಬ್ಬರಿನವನಿಗೆ ಹೇಳೇ ಒಂದು ಎಲೆ ಕವಳ ತರೂಕೆ. ರಬ್ಬರಿನವ. ಹೆತ್ತ ಮಗನಿಗೆ ಇಟ್ಟ ಹೆಸರು ಅದು.

ಎಂಟು ದಿನ ಹಿಡಿಯಿತು, ಚೌತಿಯೊಳಗೆ ಕೊಡುತ್ತೇನೆಂದು ಮಾತು ಬೇರೆ, ಚೈನು ಪೆಡಲು ಗಾಲಿ ಎಲ್ಲ ಬಿಚ್ಚಿ ಬರೀ ಎಲುಬು ಉಳಿಸಿ, ಬೆಂಕಿ ಹಿಡಿದು ಹಳೇ ಬಣ್ಣ ಸುಟ್ಟು, ಕೆರೆದು, ಮರಳುಕಾಗದದಲ್ಲಿ ತಿಕ್ಕಿ ತಿಕ್ಕಿ ಬೆರಳಿನ ಚರ್ಮ ಎದ್ದಿತು, ಆಮೇಲೆ ಹುಣಸೆಹುಳಿ, ಆಮೇಲೆ ಚೀನಿ ಭರಣಿಯಲ್ಲಿ ಕರಗಿಸಿದ ಮೈಲುತುತ್ತ, ಸಂತೆಗುಳಿಯ ತೋಟದವರು ಅಡಕೆಯ ಕೊಳೆಗೆ ಹೊಡೆಯಲು ಒಯ್ಯುತ್ತಾರಲ್ಲ ಅದೇ, ಆ ನೀಲಿ ನೀರಲ್ಲಿ ಅರಿವೆ ಅದ್ದಿ ಬಿಳಿ ಕಬ್ಬಿಣಕ್ಕೆ ಒರೆಸಿದರೆ ಒರೆಸಿದಲ್ಲಿ ಕೆಂಪು, ಕಣ್ಣೆದುರಿಗೇ, ನೀಲಿಯಿಂದ ಕೆಂಪು — ಇವತ್ತಿಗೂ ನೆನೆದರೆ ಎದೆ ಝುಂ ಅನ್ನುತ್ತದೆ, ಹಾಳು ಎದೆ. ಆದರೆ ನೀಲಿ ನೀರಿಗೆ ಕೈ ಹಾಕುವ ಮೊದಲು, ಸುಟ್ಟು ಕೆರೆದ ದಿನವೇ, ಹ್ಯಾಂಡಲಿನ ಕೆಳಗೆ ಓರೆ ಪೈಪು ತಲೆಪೈಪಿಗೆ ಸೇರುವಲ್ಲಿ, ಅಡಿಬದಿಗೆ, ಒಂದು ಗೆರೆ ಕಂಡಿತ್ತು. ಅರ್ಧ ಬೆರಳುದ್ದ. ಕೂದಲು ಅಂಟಿದೆ ಎಂದುಕೊಂಡು ಉಗುರಿನಲ್ಲಿ ಕೆರೆದ, ಹೋಗಲಿಲ್ಲ. ಮಂಡಿಯ ಮೇಲೆ ಇಟ್ಟುಕೊಂಡು ಎಷ್ಟು ಹೊತ್ತು ನೋಡಿದ, ಪರಮೇಶ್ವರಿ ಚಾ ತಂದಿಟ್ಟದ್ದು ಆರಿತು. ಗೊತ್ತಾಗಲಿಲ್ಲ ಎಂದು ಹೇಳುವ ಹಾಗಿಲ್ಲ, ತ್ರ್ಯಂಬಕ, ಗೊತ್ತಾಯಿತು. ಕುಮಟೆಯ ಗ್ಯಾರೇಜಿಗೆ ಒಯ್ದರೆ ಬೆಸುಗೆ ಹಾಕಿಕೊಡುತ್ತಿದ್ದರು, ಹಿತ್ತಾಳೆ ಕರಗಿಸಿ ಬಿಟ್ಟು, ಒಂದು ದಿನದ ಕೆಲಸ, ಆದರೆ ಹಿತ್ತಾಳೆಗೆ ಮೈಲುತುತ್ತದ ತಾಮ್ರ ಹಿಡಿಯುವುದಿಲ್ಲ, ಎಲ್ಲ ಕಡೆ ಕೆಂಪಾಗಿ ಅಲ್ಲಿ ಮಾತ್ರ ಹಳದಿ ಪಟ್ಟಿ ಉಳಿಯುತ್ತದೆ, ಅಪ್ಪನ ಕಣ್ಣು ಮೊದಲು ಬೀಳುವುದೇ ಅಲ್ಲಿಗೆ, ತೇಪೆ ಹಾಕಿದ್ಯನೋ ಎನ್ನುತ್ತಾನೆ. ಒಂದು ಹಳದಿ ಪಟ್ಟಿ. ಅದು ಬೇಡವಾಗಿತ್ತು ಇವನಿಗೆ.

ಅದಕ್ಕೇ ಹಗ್ಗಕ್ಕೆ ತೂಗಹಾಕಿ ಪಾನಾದಿಂದ ಬಡಿದು ನೋಡಿದ, ಕೊಡಕ್ಕೆ ಬಡಿದು ನೋಡುವ ಹಾಗೆ. ಅಪ್ಪ ಚಿಕ್ಕಂದಿನಲ್ಲಿ ಕಲಿಸಿದ್ದು ಅದನ್ನೇ, ಕಣ್ಣು ನಂಬಬೇಡ, ಕಿವಿ ಕೊಡು, ಒಡಕಿದ್ದರೆ ನಾದ ಕೂತುಹೋಗ್ತದೆ. ಬಡಿದ. ನಾದ ಬಂತು, ಉದ್ದಕ್ಕೆ, ಚೊಕ್ಕವಾಗಿ, ಎದುರಿನ ಅಂಗಡಿಯವರು ಎಂತದು ಮಾರಾಯ ಘಂಟೆ ಎಂದು ಇಣುಕಿದರು. ಇನ್ನೆಂತ ಬೇಕು, ಗಟ್ಟಿಯೇ ಇದೆ, ಮೇಲ್ಮೈ ಗೆರೆ, ಎಂದು ತನಗೆ ತಾನೇ ಹೇಳಿಕೊಂಡ. ಕೊಡದ ಮೇಲೆ ಯಾರೂ ಕೂತು ಇಳುಕಲು ಇಳಿಯುವುದಿಲ್ಲ ಎಂದು ಆಗ ಹೊಳೆಯಲಿಲ್ಲ — ಹೊಳೆಯಿತೋ, ಹೊಳೆದರೂ ತಳ್ಳಿದೆಯೋ, ಏಳು ವರ್ಷ ಕೆದಕಿದ್ದಾನೆ ಇದನ್ನು, ಗಾಯ ಕೆರೆದಂತೆ. ನೀಲಿ ನೀರು ಹಚ್ಚಿದ, ಗೆರೆಯ ಮೇಲೂ ಹಚ್ಚಿದ, ಅಲ್ಲಿ ನಾಲ್ಕು ಸಲ ಹೆಚ್ಚಿಗೆ ಹಚ್ಚಿದ, ಗೆರೆ ಮಾಯವಾಯಿತು. ಮೇಲೆ ಅರಗಿನ ವಾರ್ನಿಶ್ಶು ಮೂರು ಸುತ್ತು. ಚೌತಿಯ ಹಿಂದಿನ ದಿನ ಅಪ್ಪ ಕೋಲೂರಿಕೊಂಡು ಬಂದ, ಅಂಗಡಿಗೆ ಮೊದಲನೇ ಸಲ, ಸುತ್ತ ಒಂದು ಬಾರಿ ಬಂದ, ಬಗ್ಗಿದ, ಹೆಬ್ಬೆರಳಿನಿಂದ ಪೈಪಿನ ಉದ್ದಕ್ಕೂ ಸವರಿದ, ಆ ಜಾಗದ ಮೇಲೂ ಹೆಬ್ಬೆರಳು ಹೋಯಿತು, ಬೆಂಕಿ ಇಲ್ದೆ ತಾಮ್ರ ಹತ್ತಿಸ್ದ್ಯಲ್ಲೋ, ಚೊಲೊ ಬಂದದೆ, ಅಂದ ಅಪ್ಪ, ಇವನ ಮುಖ ನೋಡಿ ಅಂದ. ಆ ಒಂದು ಮಾತಿಗೆ ಇವನು ನಾಲ್ಕು ವರ್ಷ ಕಾದಿದ್ದ, ಕೈಗೆ ಬಂದಾಗ ಅದು ಕದ್ದ ಮಾಲಾಗಿತ್ತು. ಅಪ್ಪ ನವರಾತ್ರಿಯಲ್ಲಿ ಹೋದ, ಏನೂ ತಿಳಿಯದೆ ಹೋದ, ಅಷ್ಟು ಪುಣ್ಯ ಅಪ್ಪನದು.

ಬಾಯಾರಿಕೆಗೆ ಎಂತಾರೂ ಬೇಕಾ ಅಕ್ಕೋರೆ, ಎಂದು ಕೇಳುತ್ತಾನೆ ಈಗ, ಗಾಲಿ ತಿರುವುತ್ತ. ಬ್ಯಾಡ, ಈಗ ಕುಡಿದೆ, ಎನ್ನುತ್ತಾರೆ. ಬಲಗೈ ಸೆರಗಿನೊಳಗಿದೆ, ಮಣಿಕಟ್ಟು ಓರೆಯಾಗಿ ಕೂಡಿಕೊಂಡ ಕೈ, ಬೋರ್ಡಿನ ಮೇಲೆ ಎಡಗೈಯಲ್ಲಿ ಬರೆಯುತ್ತಾರಂತೆ, ಅಕ್ಷರ ಚೊಲೊ ಇದೆಯಂತೆ, ಯಾರೋ ಹೇಳಿದ್ದು. ಎರಡು ತಿಂಗಳು ಓಡಿಸಿದರು ಆ ಸೈಕಲ್ಲನ್ನು, ಅದೂ ಎಂಥ ಎರಡು ತಿಂಗಳು, ಕರ್ಕಿಯಿಂದ ಪೇಟೆಗೆ, ಪೇಟೆಯಿಂದ ಕರ್ಕಿಗೆ, ಸೀರೆ ಸೊಂಟಕ್ಕೆ ಸಿಕ್ಕಿಸಿ, ಬಿಸಿಲಿಗೆ ಪೈಪು ಹೊಳೆದು, ಮೊದಲು ನಕ್ಕವರು ಆಮೇಲೆ ದಾರಿ ಬಿಟ್ಟರು, ಹಿಂದೆ ಹುಡುಗಿಯರ ಹಿಂಡು, ಗಣಪಿ ಎಂಬವಳಂತೂ ಸೀಟು ಹಿಡಿದು ಓಡಿ ಓಡಿ ಒಂದು ವಾರದಲ್ಲಿ ತಾನೇ ಹತ್ತಿದಳು, ಅವಳ ಅಪ್ಪ ಹೈಸ್ಕೂಲಿನ ಅರ್ಜಿ ತಂದಿಟ್ಟಿದ್ದ. ದೀಪಾವಳಿಯ ಮೇಲೆ ಒಂದು ಬೆಳಿಗ್ಗೆ, ರಾಮತೀರ್ಥದ ಇಳುಕಲಿನಲ್ಲಿ. ಯಾರೋ ಓಡಿ ಬಂದು ಹೇಳಿದರು, ನಿನ್ನ ತಾಮ್ರದ ಸೈಕಲ್ಲು ಬಿತ್ತಲಾ. ಇವನು ಓಡಿದ, ಕೆನ್ನೆಯ ಮೇಲೆ ಮಣ್ಣು ಅವರದು, ಬಲಗೈ ಮಡಿಲಲ್ಲಿ ಸತ್ತ ಹಾಗೆ ಬಿದ್ದಿತ್ತು, ಅಳುತ್ತಿರಲಿಲ್ಲ, ಪಕ್ಕದಲ್ಲಿ ಸೈಕಲ್ಲು ಎರಡಾಗಿ — ಓರೆ ಪೈಪಿನ ಒಡೆದ ಬಾಯಿ ಅಂಗಾತ, ಅರ್ಧ ಹೊಸ ಬೂದು ಕಬ್ಬಿಣ, ಅರ್ಧ ತಾಮ್ರ. ನೀಲಿ ನೀರು ಬಿರುಕಿನ ಒಳಗೂ ಇಳಿದು ಅಲ್ಲೂ ತಾಮ್ರ ಹತ್ತಿಸಿತ್ತು. ಮುರಿದದ್ದು ಅವತ್ತು ಅರ್ಧ, ಉಳಿದರ್ಧ ಶ್ರಾವಣದಲ್ಲೇ ಮುರಿದಿತ್ತು ಎಂದು ಆ ಬಾಯಿ ಹೇಳುತ್ತಿತ್ತು, ನೋಡುವ ಕಣ್ಣಿದ್ದವರಿಗೆ, ಅಲ್ಲಿ ಆ ಕಣ್ಣು ಇದ್ದದ್ದು ಇವನೊಬ್ಬನಿಗೆ. ಅಕ್ಕೋರು ಎಡಗೈಯಿಂದ ಆ ತುಂಡನ್ನು ಎತ್ತಿ ಇವನಿಗೆ ಕೊಡಲು ಬಂದರು, ನಿಮ್ಮ ಕೆಲಸ ಎಲ್ಲ ಹಾಳು ಮಾಡಿಬಿಟ್ಟೆ ತ್ರ್ಯಂಬಕಣ್ಣ, ಎಂಟು ದಿನ ಕೂತು ಮಾಡಿದ್ರಿ, ತಪ್ಪಾತು, ಅಂದರು.

ಅಡ್ಡಿಲ್ಲ ಅಕ್ಕೋರೆ, ಅಂದ ಇವನು.

ಅಡ್ಡಿಲ್ಲ ಅಂದ, ಕ್ಷಮಿಸಿದವನ ಹಾಗೆ, ಸುತ್ತ ನಿಂತವರೆದುರಿಗೆ, ನಾಲಿಗೆ ಸೇದಿಹೋಗಲಿಲ್ಲ, ಒಬ್ಬ ಮುದುಕ ಭುಜ ತಟ್ಟಿ ದೊಡ್ಡ ಮನಸ್ಸು ನಿಂದು ಎಂದೂ ಹೇಳಿದ. ತುಂಡುಗಳನ್ನು ಅಂಗಡಿಗೆ ತಂದ, ಬಾಗಿಲು ಎಳೆದುಕೊಂಡ, ಅರ ಹಿಡಿದು ಆ ಬಾಯನ್ನು ತಿಕ್ಕಿದ, ತಾಮ್ರ ಹೋಗುವವರೆಗೆ, ಎಲ್ಲ ಒಂದೇ ಬೂದಾಗುವವರೆಗೆ, ಆಮೇಲೆ ಗುಜರಿಗೆ ಹಾಕಿದ. ಇಷ್ಟು ಅಚ್ಚುಕಟ್ಟಾಗಿ ಅವನು ಮತ್ಯಾವ ಕೆಲಸವನ್ನೂ ಮಾಡಿಲ್ಲ. ಊರಿನವರು ಮಾತಾಡಿಕೊಂಡದ್ದು ಸೈಕಲ್ಲಿನ ಸುದ್ದಿಯಲ್ಲ, ಹೆಣ್ಣಿನ ಸುದ್ದಿ. ಅಕ್ಕೋರ ಅಪ್ಪಯ್ಯ ಆಸ್ಪತ್ರೆಯ ಜಗಲಿಯಲ್ಲೇ ಕೂಗಿದರು, ಆನು ಹೇಳಿದ್ನಿಲ್ಯ, ಹೆಣ್ಣು ಕೂಸು ಸೈಕಲ್ಲು ಹತ್ಲಾಗ ಹೇಳಿ. ಗಣಪಿಯ ಅಪ್ಪ ಅರ್ಜಿಯನ್ನು ಒಲೆಗೆ ಹಾಕಿದ, ಓದಿದ ಅಕ್ಕೋರೇ ಬಿದ್ರಲಾ, ನಮ್ಮ ಹುಡ್ಗಿ ಎಲ್ಲಿ. ಆ ಗಣಪಿ ಈಗ ಇದೇ ಪೇಟೆಯ ಮೂಲೆಯಲ್ಲಿ ಬುಟ್ಟಿ ಇಟ್ಟುಕೊಂಡು ಒಣಮೀನು ಮಾರುತ್ತಾಳೆ, ಸೊಂಟದಲ್ಲಿ ಒಂದು ಕೂಸು, ಇವನ ಹತ್ತಿರ ಚೌಕಾಸಿ ಮಾಡದೆ ಹಾಕಿಕೊಡುತ್ತಾಳೆ, ಯಾಕೋ, ಸೈಕಲ್ಲಿನ ತ್ರ್ಯಂಬಕಣ್ಣ ಅಲ್ದಾ ಎನ್ನುತ್ತಾಳೆ, ಆ ಮೀನನ್ನು ಇವನು ಪರಮೇಶ್ವರಿಗೆ ಕೊಡುತ್ತಾನೆ, ತಾನು ತಿನ್ನುವುದಿಲ್ಲ. ಅಂದೇ ಒಂದು ಮಾತು, ಅಕ್ಕೋರು ಬೀಳಿಸಿದ್ದಲ್ಲ, ನನ್ನ ಪೈಪು ಮುರಿದದ್ದು, ಎಂದಿದ್ದರೆ ಹೆಚ್ಚೆಂದರೆ ಏನಾಗುತ್ತಿತ್ತು, ನಾಲ್ಕು ಜನ ಉಗಿಯುತ್ತಿದ್ದರು, ಒರೆಸಿಕೊಳ್ಳಬಹುದಿತ್ತು.

ತ್ರ್ಯಂಬಕಣ್ಣ, ಒಂದು ಕೇಳ್ಲಾ, ಎನ್ನುತ್ತಾರೆ ಅಕ್ಕೋರು. ಗಾಲಿಯ ಮೇಲೆ ಕೈ ನಿಂತಿತು. ತೆಂಗಿನಗುಂಡಿ ಶಾಲೆ ಭಟ್ಕಳ ಪೇಟೆಯಿಂದ ದೂರ ಅಡ, ಅಲ್ಲಿಯ ಮಾಸ್ತರರ ಮಗಳ ಸೈಕಲ್ಲು ಒಂದು ಇದ್ದಡ, ಮದುವೆಯಾಗಿ ಹೋದಳು, ಬೇಕಾದ್ರೆ ತಗಳಿ ಅಂತ ಕಾಗದ ಬರೆದಿದ್ದಾರೆ, ಹತ್ತಲಾ ಬ್ಯಾಡ್ದಾ ಅಂತ ಒಂದು ತಿಂಗಳಿಂದ ತಲೆಯಲ್ಲಿ ಅದೇ. ಅವತ್ತು ಎಂತಕ್ಕೆ ಬಿದ್ದೆ ಅಂತ ನಂಗೆ ಇನ್ನೂ ತಿಳಿದಿಲ್ಲೆ, ಬ್ರೇಕು ಜೋರು ಹಿಡಿದ್ನೋ, ಕಲ್ಲಿಗೆ ಹತ್ತಿಸಿದ್ನೋ, ನಂಗೆ ಹಿಡಿತ ಇಲ್ಯೋ. ಮುರಿದದ್ದನ್ನ ನೋಡಿ ತಿಳಿಯುವವ್ರು ನೀವೊಬ್ರೇ, ನೀವು ಹತ್ತಿ ಅಂದ್ರೆ ಹತ್ತತೆ. ಹತ್ತತೆ ಎನ್ನುವಾಗ ದನಿಯಲ್ಲಿ ಅದೇ ಹಳೇ ಹಟ, ಒಂದು ಚೂರು, ಬೂದಿಯಲ್ಲಿ ಉಳಿದ ಕೆಂಡದಷ್ಟು, ಇವನಿಗೆ ಕೇಳಿಸಿತು. ಈಗ ಹೇಳು. ಇಂಥ ಗಳಿಗೆ ಮತ್ತೆ ಬರುವುದಿಲ್ಲ, ಬಾಗಿಲು ಅವರೇ ತೆರೆದಿದ್ದಾರೆ, ನೀನು ಒಳಗೆ ಕಾಲಿಡಬೇಕು ಅಷ್ಟೆ. ಹತ್ತಿ ಅಕ್ಕೋರೆ ಎಂದರೆ, ಯಾಕೆ ಅಷ್ಟು ಧೈರ್ಯದಿಂದ ಹೇಳ್ತ್ರಿ ಎಂದು ಕೇಳುತ್ತಾರೆ, ಕೇಳಿದರೆ ಗೆರೆ, ಗೆರೆಯಿಂದ ಹಳದಿ ಪಟ್ಟಿ, ಪಟ್ಟಿಯಿಂದ ಅರ, ಎಲ್ಲ ಒಂದರ ಹಿಂದೊಂದು ಬರುತ್ತದೆ, ಆ ಕೈಯನ್ನು ಸೆರಗಿನಿಂದ ಹೊರಗೆ ತೆಗೆದು ನೋಡಿಕೊಳ್ಳುತ್ತಾರೆ, ಆಮೇಲೆ ಇವನನ್ನು ನೋಡುತ್ತಾರೆ. ಬಾಯಿ ತೆರೆದ. ಜಟ್ಟಿ ಬಾಗಿಲಲ್ಲಿ ನಿಂತು ಲಾಂಚು ಬಂತು ಎನ್ನುತ್ತಿದ್ದಾನೆ. ತೆರೆದ ಬಾಯಿಂದ ಬಂದದ್ದು, ಬ್ಯಾಡ ಅಕ್ಕೋರೆ, ನಡದೇ ಹೋಗಿ, ಆ ಕಡೆ ರಸ್ತೆ ಚೊಲೊ ಇಲ್ಲ. ಅಲ್ಲಿಯ ರಸ್ತೆಯನ್ನು ಇವನು ಕಣ್ಣಿನಿಂದ ಕಂಡವನಲ್ಲ.

ಆತು, ಅಂದರು. ಅದನ್ನೇ ನಿರೀಕ್ಷಿಸಿದವರ ಹಾಗೆ ತಲೆಯಾಡಿಸಿದರು, ನನ್ನ ತಪ್ಪೇ ಅಂತ ನಂಗೂ ಅನಿಸಿತ್ತು, ಕೇಳಿದ್ದು ಚೊಲೊ ಆತು, ಕೊಡೆ ತೆಗೆದುಕೊಂಡರು, ಮೆಟ್ಟಿಲು ಇಳಿದರು, ಬತ್ತೆ ತ್ರ್ಯಂಬಕಣ್ಣ, ಜಟ್ಟಿ ಟ್ರಂಕು ಹೊತ್ತು ಮುಂದೆ, ಅವರು ಹಿಂದೆ, ನಡೆದು, ಮೀನಿನ ಬುಟ್ಟಿಗಳ ನಡುವೆ, ಗಣಪಿ ಎದ್ದು ನಿಂತು ಕೈಮುಗಿಯುತ್ತಿದ್ದಾಳೆ, ಓಡಿದರೆ ಈಗಲೂ ಸಿಗುತ್ತಾರೆ, ಲಾಂಚಿನ ಹಗ್ಗ ಇನ್ನೂ ಬಿಚ್ಚಿಲ್ಲ, ಏಳು ತ್ರ್ಯಂಬಕ, ಕೈ ಮತ್ತೆ ಗಾಲಿ ತಿರುವುತ್ತಿದೆ, ಯಾರದೋ ಗಾಲಿ, ಗಾಲಿಯ ಕಡ್ಡಿಗಳಾಚೆ ರಾಮತೀರ್ಥದ ಇಳುಕಲು, ಇಳುಕಲಿನ ಮಣ್ಣಿನಲ್ಲಿ ಕೂತ ಇಪ್ಪತ್ಮೂರು ವರ್ಷದವಳು ಎಡಗೈಯಲ್ಲಿ ಎತ್ತಿ ಕೊಡುತ್ತಿರುವ ತುಂಡು, ಅರ ತಿಕ್ಕಿದರೂ ಹೋಗದ್ದು, ಪೈಪಿನ ಬಾಯಿ, ನೇರ ಇವನ ಮುಖಕ್ಕೆ, ಅರ್ಧ ಬೂದು, ಅರ್ಧ ತಾಮ್ರ